ನೀರುಗಂಟಿಗೆ ದೂರದ ನೆರವು

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ನೀರುಗಂಟಿಯೆಂಬ ಒಬ್ಬ ಕೆಲಸಗಾರನಿರುತ್ತಿದ್ದನು. ಕೆರೆಯ ತೂಬನ್ನು ಎತ್ತಿ ಇಳಿಸುವುದು, ಸರದಿಯಂತೆ ಗದ್ದೆಗದ್ದೆಗೂ ನೀರು ಹಾಯಿಸುವುದು, ಏರಿಯಲ್ಲಿ ಬಿರುಕು ಕಂಡೊಡನೆ ಊರಿಗೆ ಸುದ್ದಿ ಮುಟ್ಟಿಸುವುದು ಅವನ ಹೊಣೆಯಾಗಿತ್ತು. ಈ ಕೆಲಸಕ್ಕಾಗಿ ಊರವರು ಸುಗ್ಗಿಯ ಕಾಲದಲ್ಲಿ ಅವನಿಗೆ ಧಾನ್ಯದ ಪಾಲನ್ನು ಕೊಡುತ್ತಿದ್ದರು. ಕೆರೆಯ ಕಾಲ ಹಿಂದೆ ಸರಿದು ಕೊಳವೆಬಾವಿಯ ಕಾಲ ಬಂದಿತು. ಆದರೆ ನೀರುಗಂಟಿ ಮರೆಯಾಗಲಿಲ್ಲ. ಗ್ರಾಮ ಪಂಚಾಯತಿಯ ಮೋಟಾರನ್ನು ಹಾಕಿ ತೆಗೆಯುವಾತನನ್ನು ಇಂದಿಗೂ ಎಷ್ಟೋ ಕಡೆ ಅದೇ ಹೆಸರಿನಿಂದ ಕರೆಯುತ್ತಾರೆ. ಬೆಂಗಳೂರಿನಲ್ಲಿ ಹೆಸರು ಬೇರೆ. ಜಲಮಂಡಳಿಯಲ್ಲಿ ಆತ ವಾಲ್ವ್‌ಮನ್, ಬನಶಂಕರಿ, ಜೆ.ಪಿ. ನಗರಗಳ ಅಪಾರ್ಟ್‌ಮೆಂಟುಗಳಲ್ಲಿ ಪಂಪ್ ಆಪರೇಟರ್, ಬಿ.ಟಿ.ಎಂ. ಬಡಾವಣೆಯ ಪಿ.ಜಿ. ವಸತಿಗಳಲ್ಲಿ ಕಾವಲುಗಾರನೇ ಆ ಕೆಲಸವನ್ನೂ ಮಾಡುವುದುಂಟು. ಈ ಲೇಖನದಲ್ಲಿ ಇವರೆಲ್ಲರನ್ನೂ ನೀರುಗಂಟಿ ಎಂದೇ ಕರೆಯುತ್ತೇನೆ. ಇವರಿಗೆ ಕೆಲಸದಲ್ಲಿ ಸಂದೇಹ ಬಂದಾಗ ಕೇಳುವುದಕ್ಕೆ ಯಾರಿದ್ದಾರೆ? ವಿಷಯ ಬಲ್ಲವರು ತಾವಿದ್ದ ಕಡೆಯಿಂದಲೇ, ದೂರವಾಣಿ ಮತ್ತು ಅಂತರ್ಜಾಲಗಳ ಮೂಲಕ, ಇವರಿಗೆ ನೆರವಾಗುವುದು ಸಾಧ್ಯವೆ? ಸಾಧ್ಯವಾದರೆ ಅದು ಯಾವ ಬಗೆಯದಾಗಿರಬೇಕು? ಇವೇ ಇಲ್ಲಿನ ಪ್ರಶ್ನೆಗಳು.

ಬೆಂಗಳೂರಿನ ನೀರು ಸರಬರಾಜೆಂದರೆ ನಮ್ಮ ಕಣ್ಣೆದುರು ಬರುವುದು ಕಾವೇರಿ ಯೋಜನೆಯ ಭಾರಿ ಯಂತ್ರಗಳು. ಅದು ಸಹಜವೇ ಸರಿ. ತೊರೆಕಾಡನಹಳ್ಳಿಯಿಂದ ಹೊರಟ ನೀರು ಹಾರೋಹಳ್ಳಿ, ತಾತಗುಣಿಗಳ ಪಂಪುಮನೆಗಳನ್ನು ದಾಟಿ, ಸುಮಾರು 100 ಕಿಲೋಮೀಟರ್ ದೂರ ಸಾಗಿ, ಸುಮಾರು 500 ಮೀಟರ್ ಎತ್ತರವನ್ನೇರಿ ನಗರವನ್ನು ಸೇರುತ್ತದೆ. ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಿ ನೋಡಬಹುದು. ಸಾವಿರ ಲೀಟರ್ ನೀರಿನ ದ್ರವ್ಯರಾಶಿ 1,000 ಕಿಲೋಗ್ರಾಂ. ಅದನ್ನು 500 ಮೀಟರ್ ಎತ್ತಲು ಬೇಕಾಗುವ ಶಕ್ತಿ 49 ಲಕ್ಷ ಜೂಲ್, ಎಂದರೆ ಸುಮಾರು 1.4 ಯೂನಿಟ್ ವಿದ್ಯುಚ್ಛಕ್ತಿ. ಪಂಪಿನಲ್ಲಿಯೂ ಕೊಳವೆಯಲ್ಲಿಯೂ ಆಗುವ ನಷ್ಟವನ್ನು ಸೇರಿಸಿದರೆ ಖರ್ಚು ಇನ್ನೂ ಹೆಚ್ಚು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡ ಐದನೆಯ ಹಂತವೊಂದನ್ನೇ, ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಹೀಗೆ ಮೇಲೆತ್ತುವುದಕ್ಕಾಗಿ ಕಟ್ಟಲಾಗಿದೆ. ಇಂಥ ಯಂತ್ರಗಳ ಬಳಿ ಪದವೀಧರ ಎಂಜಿನಿಯರುಗಳಿದ್ದಾರೆ, ಪ್ರಯೋಗಶಾಲೆಗಳಿವೆ, ಹಗಲಿರುಳು ಅಂಕಿಗಳನ್ನು ದಾಖಲಿಸುವ ಉಪಕರಣಗಳಿವೆ.

ಆದರೆ ಇಷ್ಟು ದೂರದಿಂದ ಬಂದ ನೀರು ಮನೆಯ ಸಂಪಿಗೆ ಬಿದ್ದ ಕ್ಷಣದಿಂದ ಅದರ ಯೋಗಕ್ಷೇಮವೆಲ್ಲ ಒಬ್ಬನೇ ಮನುಷ್ಯನ ಪಾಲಿಗೆ ಬರುತ್ತದೆ. ಅದೇ ಸಂಪಿಗೆ ಕೊಳವೆಬಾವಿಯ ನೀರೂ ಟ್ಯಾಂಕರಿನ ನೀರೂ ಬಂದು ಬೀಳುತ್ತವೆ. ಅದಕ್ಕೆ ಎಷ್ಟು ಬ್ಲೀಚಿಂಗ್ ಪೌಡರ್ ಹಾಕಬೇಕು, ಮೋಟಾರು ಕಾದಾಗ ಎಷ್ಟು ಹೊತ್ತು ನಿಲ್ಲಿಸಬೇಕು, ಮೂರು ಫೇಸುಗಳಲ್ಲಿ ಒಂದು ಹೋದರೆ ಏನು ಮಾಡಬೇಕು, ಮೇಲಿನ ಟ್ಯಾಂಕನ್ನು ಎಂದು ತೊಳೆಯಬೇಕು: ಇಷ್ಟನ್ನೂ ಆತ ತಿಳಿದಿರಬೇಕೆಂದು ನಾವು ನಿರೀಕ್ಷಿಸುತ್ತೇವೆ. ಕಲಿಸಿದವರು ಯಾರೆಂದು ಕೇಳಿದರೆ, ಹಿಂದಿದ್ದ ಆಪರೇಟರ್ ಎಂದೋ, ಯಾರೂ ಇಲ್ಲವೆಂದೋ ಉತ್ತರ ಬರುತ್ತದೆ. ಅದೇ ಜಯನಗರದಲ್ಲಿ, ಅದೇ ಬನಶಂಕರಿಯಲ್ಲಿ, ಬದುಕಿಡೀ ಅಣೆಕಟ್ಟು, ಕೊಳವೆ, ಪಂಪುಗಳ ನಡುವೆ ದುಡಿದು ನಿವೃತ್ತರಾದ ಎಂಜಿನಿಯರುಗಳು ಸಂಜೆಯ ಹೊತ್ತು ಪಾರ್ಕಿನ ಬೆಂಚುಗಳ ಮೇಲೆ ಕುಳಿತಿರುತ್ತಾರೆ. ಕಾಲೇಜುಗಳಲ್ಲಿ ರಸಾಯನ ವಿಜ್ಞಾನ, ಭೌತ ವಿಜ್ಞಾನಗಳ ವಿಭಾಗಗಳಿವೆ. ಈ ಎರಡು ಪಂಗಡಗಳ ನಡುವಿನ ದೂರ ಒಂದು ಮೈಲಿಯೂ ಇರಲಾರದು. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟುತ್ತಿಲ್ಲ.

ದೂರದಿಂದ ಸಲಹೆ ಕೊಡುವುದು ಸುಲಭವೆಂದು ಒಂದು ಕಾಲದಲ್ಲಿ ನಾನೂ ನಂಬಿದ್ದೆ. ಆ ನಂಬಿಕೆ ಹೇಗೆ ಮುರಿಯಿತೆಂಬುದನ್ನು ಇಲ್ಲಿ ಹೇಳುವುದು ಅವಶ್ಯ.

2024ರ ಬೇಸಿಗೆಯನ್ನು ಬೆಂಗಳೂರಿನವರು ಮರೆತಿರಲಾರರು. ಆ ವರ್ಷದ ಮಾರ್ಚಿಯಲ್ಲಿ, ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ ಸುಮಾರು 6,900 ಬತ್ತಿವೆಯೆಂದು ಸರ್ಕಾರವೇ ಹೇಳಿತು. ನಾನಿರುವ ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿಯೂ ಕೊಳವೆಬಾವಿ ಸೋತಿತು; ಸಂಪು ಅರ್ಧ ತುಂಬಿದರೆ ಅದೇ ಭಾಗ್ಯವೆನ್ನುವಂತಾಯಿತು. ಅಂಥ ದಿನಗಳಲ್ಲಿ ನಮ್ಮ ಪಂಪು ಕೆಟ್ಟ ಹಟ ಹಿಡಿಯಿತು. ಬೆಳಗ್ಗೆ ಸರಿಯಾಗಿ ನೀರೆತ್ತುವುದು, ಮಧ್ಯಾಹ್ನದ ವೇಳೆಗೆ ಬರಿದೆ ತಿರುಗುವುದು. ನಾನಾಗ ಮೌಲ್ಯಮಾಪನದ ಕೆಲಸಕ್ಕಾಗಿ ಪರಊರಿನಲ್ಲಿದ್ದೆ. ನಿವಾಸಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ, “ಮೇಷ್ಟ್ರು ಫಿಸಿಕ್ಸ್ ಬಲ್ಲವರು, ಹೇಳಲಿ” ಎಂದು ಯಾರೋ ಬರೆದರು. ನಾನು ಹಿಂದುಮುಂದು ನೋಡದೆ ಉತ್ತರಿಸಿದೆ: ಸಕ್ಷನ್ ಪೈಪಿನ ತುದಿಯ ಫುಟ್‌ವಾಲ್ವ್ ಸೋರುತ್ತಿರಬೇಕು, ಪೈಪಿನಲ್ಲಿ ನಿಲ್ಲಬೇಕಾದ ನೀರು ಸಂಪಿಗೆ ಮರಳಿ ಇಳಿಯುತ್ತಿರಬೇಕು, ಅದನ್ನು ಬದಲಾಯಿಸಿ ಎಂದು. ಹೊಸ ಫುಟ್‌ವಾಲ್ವ್ ಹಾಕಿಸಿದರು. ಎರಡು ದಿನ ಕಳೆಯಿತು. ಪಂಪಿನ ಹಟ ಹಾಗೆಯೇ ಉಳಿಯಿತು. ಮೇಲಿನ ಮಹಡಿಗಳಲ್ಲಿ ಬಕೆಟ್ ಹೊರುವ ಗತಿ ಬಂದಿತು. ವಿಜ್ಞಾನ ಹೇಳಿದಂತೆ ಮಾಡಿದರೂ ಸರಿಹೋಗದಿದ್ದ ಮೇಲೆ ತಪ್ಪು ಆಪರೇಟರಿನದೇ ಇರಬೇಕು, ಅವರು ಪಂಪನ್ನು ಗಮನಿಸುತ್ತಿಲ್ಲ, ಒಂದು ವಾರದ ಸಂಬಳ ಹಿಡಿಯಿರಿ ಎಂಬ ಮಾತು ಗುಂಪಿನಲ್ಲಿ ಹುಟ್ಟಿತು. ಆ ಗುಂಪಿನಲ್ಲಿ ಆಪರೇಟರ್ ಒಬ್ಬರನ್ನು ಬಿಟ್ಟು ಉಳಿದೆಲ್ಲರೂ ಇದ್ದರು.

ನಾನು ಹಿಂದಿರುಗಿದೊಡನೆ ಪಂಪುಮನೆಗೆ ಹೋದೆ. ಯಾದಗಿರಿ ಕಡೆಯಿಂದ ಬಂದ ಆ ಮನುಷ್ಯ ಗೋಡೆಗೆ ತೂಗುಹಾಕಿದ್ದ ಒಂದು ನೋಟುಪುಸ್ತಕವನ್ನು ನನ್ನ ಕೈಗಿತ್ತರು. ಮೋಟಾರು ಹಾಕಿದ ಹೊತ್ತು, ನಿಲ್ಲಿಸಿದ ಹೊತ್ತು, ಅಮ್ಮೀಟರಿನ ಅಂಕಿ, ಸಂಪಿನೊಳಗಿನ ಕಬ್ಬಿಣದ ಮೆಟ್ಟಲುಗಳಲ್ಲಿ ಎಷ್ಟನೆಯದರವರೆಗೆ ನೀರಿದೆ ಎಂಬುದು, ಎಲ್ಲವೂ ಅದರಲ್ಲಿತ್ತು. “ನೀರು ಮೂರನೇ ಮೆಟ್ಲಿಗಿಂತ ಕೆಳಗ ಹೋದಾಗ ಮಾತ್ರ ಹಿಂಗ ಆಗ್ತದ್ರಿ ಸರ್” ಎಂದರು. ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆ. “ನನ್ನ ಯಾರೂ ಕೇಳಲೇ ಇಲ್ರಿ” ಎಂದರು.

ಆ ಒಂದು ವಾಕ್ಯದಲ್ಲಿ ರೋಗನಿದಾನವೆಲ್ಲ ಅಡಗಿತ್ತು. ಪಂಪು ನೀರನ್ನು ಎಳೆದುಕೊಳ್ಳುತ್ತದೆಂದು ನಾವು ಆಡುಮಾತಿನಲ್ಲಿ ಹೇಳಿದರೂ, ವಾಸ್ತವವಾಗಿ ನೀರನ್ನು ಪೈಪಿನೊಳಕ್ಕೆ ತಳ್ಳುವುದು ಹೊರಗಿನ ವಾಯುಭಾರ. ಸಮುದ್ರಮಟ್ಟದಲ್ಲಿ ಅದು ಸುಮಾರು 10.3 ಮೀಟರ್ ನೀರಿನ ಕಂಬವನ್ನು ಹೊರಬಲ್ಲುದು; ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 9.3 ಮೀಟರ್ ಮಾತ್ರ. ಪಂಪು ನಡೆಯುವಾಗ ಸಕ್ಷನ್ ಪೈಪಿನೊಳಗಿನ ಒತ್ತಡವು ಹೊರಗಿನ ವಾಯುಭಾರಕ್ಕಿಂತ ಕಡಿಮೆಯಾಗಿರುವುದರಿಂದ, ಪೈಪಿನಲ್ಲಿ ಎಲ್ಲಿ ಸಂದಿದ್ದರೂ ಹೊರಗಿರುವುದು ಒಳಕ್ಕೆ ನುಗ್ಗುತ್ತದೆ. ನಮ್ಮ ಪೈಪಿನ ಒಂದು ಜೋಡಣೆ ಮೂರನೆಯ ಮೆಟ್ಟಲಿನ ಮಟ್ಟದಲ್ಲಿ ಸಡಿಲವಾಗಿತ್ತು. ಜೋಡಣೆ ನೀರಿನಲ್ಲಿ ಮುಳುಗಿರುವಷ್ಟು ಹೊತ್ತು ಸಂದಿಯಿಂದ ಒಳಸೇರುವುದೂ ನೀರೇ ಆದ್ದರಿಂದ ತೊಂದರೆಯಿಲ್ಲ. ನೀರು ಅದಕ್ಕಿಂತ ಕೆಳಗಿಳಿದೊಡನೆ ಗಾಳಿ ಒಳಸೇರುತ್ತದೆ, ಪಂಪಿನ ಹಿಡಿತ ತಪ್ಪುತ್ತದೆ. ಹಿಂದಿನ ವರ್ಷಗಳಲ್ಲಿ ಸಂಪು ಅಷ್ಟು ಬರಿದಾಗುತ್ತಿರಲಿಲ್ಲವಾದ್ದರಿಂದ ದೋಷ ಹೊರಬಿದ್ದಿರಲಿಲ್ಲ. ಫುಟ್‌ವಾಲ್ವ್ ಸೋರುತ್ತಿದ್ದಿದ್ದರೆ ತೊಂದರೆಯು ಪಂಪು ಬಹಳ ಹೊತ್ತು ನಿಂತು ಮತ್ತೆ ಹೊರಡುವಾಗ, ಸಂಪಿನಲ್ಲಿ ನೀರು ಎಷ್ಟೇ ಇದ್ದರೂ, ಕಾಣಿಸಿಕೊಳ್ಳಬೇಕಾಗಿತ್ತು. ಅಮ್ಮೀಟರಿನ ಅಂಕಿಯೂ ಅದೇ ಸಾಕ್ಷ್ಯವನ್ನು ನುಡಿಯುತ್ತಿತ್ತು: ಎತ್ತುವ ನೀರಿನ ಭಾರ ತಪ್ಪಿದಾಗ ಇಂಥ ಪಂಪಿನ ಮೋಟಾರು ಕಡಿಮೆ ವಿದ್ಯುತ್ತನ್ನು ಎಳೆಯುತ್ತದೆ, ನಡೆಯುತ್ತಿದ್ದ ಹಾಗೆಯೇ ಆ ಅಂಕಿ ಇಳಿದಿತ್ತು. ಈ ಎರಡು ಸಂಗತಿಗಳನ್ನು ದೂರವಾಣಿಯಲ್ಲಿ ಕೇಳಿಕೊಂಡಿದ್ದರೆ ನಾನು ಇದ್ದಲ್ಲಿಂದಲೇ ಸರಿಯಾದ ಉತ್ತರವನ್ನು ಕೊಡಬಹುದಾಗಿತ್ತು. ಪ್ಲಂಬರ್ ಜೋಡಣೆಯನ್ನು ಒಂದು ಗಂಟೆಯಲ್ಲಿ ಸರಿಪಡಿಸಿದನು. ತಪ್ಪು ನನ್ನದೆಂದು ಗುಂಪಿನಲ್ಲಿ ಬರೆದೆ. ಸಂಬಳ ಹಿಡಿಯುವ ಮಾತು ನಿಂತಿತು. ಆದರೆ ಒಬ್ಬ ಶ್ರದ್ಧಾವಂತ ಕೆಲಸಗಾರನ ಅನ್ನಕ್ಕೆ ಕುತ್ತು ತರುವುದರಲ್ಲಿ ನನ್ನ ಅವಸರದ ವಿಜ್ಞಾನವೂ ಪಾಲುಗೊಂಡಿತ್ತೆಂಬುದನ್ನು ನಾನು ಮರೆಯಲಾರೆ.

ಇದು ಒಂದು ಸಂಪಿನ ಕಥೆಯಾಯಿತು. ಕರ್ನಾಟಕದಲ್ಲಿಯೇ ಇದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಒಂದು ಪ್ರಯೋಗ ನಡೆದಿದೆ. 2010ರ ಸುಮಾರಿನಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಕೆಲಸವನ್ನಾರಂಭಿಸಿತು. ಕ್ಯಾಲಿಫೋರ್ನಿಯದಲ್ಲಿ ಓದುತ್ತಿದ್ದ ಕೆಲವರು ಅದರ ಸ್ಥಾಪಕರು. ಅಲ್ಲಿ ಕೆಲವು ದಿನಗಳಿಗೊಮ್ಮೆ ಮಾತ್ರ ನೀರು ಬರುತ್ತಿದ್ದುದರಿಂದ ಜನ ಯಾವ ಹೊತ್ತಿಗೆ ಬರುವುದೋ ಎಂದು ಕಾದು ಕೂರುತ್ತಿದ್ದರು. ವಾಲ್ವ್‌ಮನ್ ವಾಲ್ವನ್ನು ತೆರೆದೊಡನೆ ದೂರವಾಣಿಯಲ್ಲಿ ತಿಳಿಸಬೇಕು. ಆ ಸುದ್ದಿ ಸಂದೇಶರೂಪದಲ್ಲಿ ಮನೆಮನೆಗೆ ಮುಟ್ಟಬೇಕು: ಇದು ಏರ್ಪಾಡು. ಮುಂದೆ ಇದು ಬೆಂಗಳೂರಿಗೂ ಬಂದಿತು. ತನು ಕುಮಾರ್, ಅಲಿಸನ್ ಪೋಸ್ಟ್, ಈಷಾ ರೇ ಎಂಬ ಸಂಶೋಧಕರು ಬೆಂಗಳೂರಿನಲ್ಲಿ ಅದರ ಫಲವನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಜನ ನೀರಿಗಾಗಿ ಕಾಯುವ ಹೊತ್ತಿನಲ್ಲಿ ಹೇಳಿಕೊಳ್ಳುವಂಥ ಉಳಿತಾಯ ಕಾಣಲಿಲ್ಲ. ವಾಲ್ವ್‌ಮನ್‌ಗಳಿಂದ ಬರಬೇಕಾದ ಸುದ್ದಿ ಸರಿಯಾಗಿ ಬಾರದಿದ್ದುದು ಇದಕ್ಕೆ ಒಂದು ಮುಖ್ಯ ಕಾರಣ. ಏಕೆ ಬರಲಿಲ್ಲ? ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ಇದಕ್ಕೆ ಉತ್ತರ ಹುಡುಕಿತು. ವಾಲ್ವ್‌ಮನ್‌ಗಳ ಸಂಸಾರದ ಹೊಣೆಗಳೂ ಹಣದ ತಾಪತ್ರಯಗಳೂ ಈ ಹೆಚ್ಚಿನ ಕೆಲಸಕ್ಕೆ ಅಡ್ಡ ಬರುತ್ತಿದ್ದುವೆಂದು ಅದು ಕಂಡುಕೊಂಡಿತು.

ಇದರಿಂದ ಆ ಪ್ರಯೋಗ ಮಾಡಿದವರನ್ನು ಹಳಿಯುವುದು ನ್ಯಾಯವಲ್ಲ. ಅವರು ಮಾಡಿ ತೋರಿಸದಿದ್ದರೆ ನಮಗೆ ಈ ಪಾಠ ದೊರೆಯುತ್ತಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಪಾಠವೇನೆಂದರೆ, ಅಲ್ಲಿ ಸುದ್ದಿ ಮುಖ್ಯವಾಗಿ ಒಂದೇ ದಿಕ್ಕಿನಲ್ಲಿ ಹರಿಯಬೇಕಾಗಿತ್ತು. ನೀರುಗಂಟಿ ಕೊಡುವವನು, ಇತರರು ಪಡೆಯುವವರು. ಅವನ ಶ್ರಮ ಹೆಚ್ಚಿತೇ ಹೊರತು ಅವನ ಸಂದೇಹವೊಂದಕ್ಕೂ ಆ ಏರ್ಪಾಡು ಉತ್ತರ ಕೊಡುವಂತಿರಲಿಲ್ಲ. ದೂರದಿಂದ ನೆರವು ನೀಡಬಯಸುವವರು ಮೊತ್ತಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಸಂಪರ್ಕದಿಂದ ಆತನಿಗೆ ದೊರೆಯುವುದೇನು?

ಅಮೆರಿಕದ ಅನುಭವವೂ ಇಲ್ಲಿ ಉಪಯುಕ್ತ. ಅಲ್ಲಿನ ಸುಮಾರು 50,000 ಸಮುದಾಯ ನೀರಿನ ವ್ಯವಸ್ಥೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವು ತಲಾ 10,000ಕ್ಕಿಂತ ಕಡಿಮೆ ಜನರಿಗೆ ನೀರೊದಗಿಸುವಂಥ ಚಿಕ್ಕವು. ಅವುಗಳ ಆಪರೇಟರುಗಳಿಗಾಗಿ 1980ರಿಂದ ಗ್ರಾಮೀಣ ನೀರು ಸಂಘದವರು ‘ಸರ್ಕಿಟ್ ರೈಡರ್’ ಎಂಬ ಸಂಚಾರಿ ತಜ್ಞರನ್ನು ಕಳುಹಿಸುತ್ತ ಬಂದಿದ್ದಾರೆ. ಹಿಂದೆ ಕುದುರೆಯೇರಿ ಊರೂರಿಗೆ ಹೋಗುತ್ತಿದ್ದ ಪಾದ್ರಿಗಳಿಂದಲೂ ನ್ಯಾಯಾಧೀಶರಿಂದಲೂ ಆ ಹೆಸರು ಬಂದಿದೆ. ಸಂಚಾರಿ ತಜ್ಞ ತನಿಖಾಧಿಕಾರಿಯಲ್ಲ. ಆತ ಆಪರೇಟರಿನ ಪಕ್ಕದಲ್ಲಿ ನಿಂತು, ಅದೇ ಪಾನೆ ಹಿಡಿದು, ಸೋರಿಕೆಯನ್ನು ಹುಡುಕುತ್ತಾನೆ. ಹೀಗೆ ಒಮ್ಮೆ ಪರಿಚಯವಾದ ಮೇಲೆ ನಡುರಾತ್ರಿಯಲ್ಲಿ ದೂರವಾಣಿ ಮಾಡುವುದಕ್ಕೂ ಸಂಕೋಚವಿರುವುದಿಲ್ಲ. ಯಂತ್ರದ ಮೂಲಕ ನಡೆಯುವ ಮಾತುಕತೆಗೆ ಮುಖಪರಿಚಯವೇ ತಳಹದಿ.

ಹಾಗಾದರೆ ನಮ್ಮಲ್ಲಿ ಮಾಡತಕ್ಕದ್ದೇನು? ನನಗೆ ತೋರಿದ ಕೆಲವು ನಿಯಮಗಳನ್ನು ಇಲ್ಲಿ ಮುಂದಿಡುತ್ತೇನೆ.

ಮೊದಲನೆಯದಾಗಿ, ಪ್ರಶ್ನೆ ನೀರುಗಂಟಿಯದಾಗಿರಬೇಕು, ಮಾತು ಅವನೊಡನೆಯೇ ನಡೆಯಬೇಕು. ಅವನನ್ನು ಹೊರಗಿಟ್ಟು ಅವನ ಪಂಪಿನ ಬಗ್ಗೆ ಮಾಡುವ ಚರ್ಚೆಯಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ಅವನು ಬರೆಯಲಾರದಿದ್ದರೆ ಧ್ವನಿಯ ಮೂಲಕ ಕೇಳಲಿ. ಉತ್ತರವೂ ಅವನಿಗೆ ತಿಳಿಯುವ ಭಾಷೆಯಲ್ಲಿ, ಧ್ವನಿರೂಪದಲ್ಲಿ ಹೋಗಲಿ. ನಮ್ಮ ಬಡಾವಣೆಗಳಲ್ಲಿ ಈ ಕೆಲಸ ಮಾಡುವವರಲ್ಲಿ ಕನ್ನಡಿಗರಂತೆ ಒಡಿಶಾ, ಅಸ್ಸಾಂಗಳಿಂದ ಬಂದವರೂ ಇದ್ದಾರೆ. ಇಂಗ್ಲಿಷಿನ ಕೈಪಿಡಿಯೊಂದನ್ನು ಕಳುಹಿಸಿ ಕೈತೊಳೆದುಕೊಳ್ಳುವುದು ನೆರವೆನಿಸದು.

ಎರಡನೆಯದಾಗಿ, ಅಭಿಪ್ರಾಯಕ್ಕೆ ಮೊದಲು ಅಳತೆ ಬರಬೇಕು. ಇಂದಿನ ದೂರವಾಣಿ ಒಂದು ಸಣ್ಣ ಪ್ರಯೋಗಶಾಲೆಯೇ ಸರಿ. ಆದರೆ ಅದರ ಮಿತಿಗಳನ್ನು ಅರಿತು ಬಳಸಬೇಕು. ಒಂದು ಉದಾಹರಣೆ: ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಮುಕ್ತ ಕ್ಲೋರೀನ್ ಉಳಿದಿರಬೇಕು. ನೀರಿಗೆ ಪರೀಕ್ಷಾದ್ರವ ಬೆರೆಸಿದಾಗ ಬರುವ ಬಣ್ಣದಿಂದ ಇದನ್ನು ಗುರುತಿಸುತ್ತಾರೆ. ಬರಿಯ ಆ ಬಣ್ಣದ ಚಿತ್ರವನ್ನು ತೆಗೆದು ಕಳುಹಿಸಿದರೆ ದೂರದ ತಜ್ಞ ಮೋಸಹೋಗುವನು. ಏಕೆಂದರೆ ಕ್ಯಾಮೆರಾ ಬೆಳಕಿಗನುಸಾರವಾಗಿ ಬಣ್ಣಗಳನ್ನು ತಾನೇ ಹೊಂದಿಸಿಬಿಡುತ್ತದೆ. ಪರೀಕ್ಷಾನಳಿಗೆಯನ್ನೂ ಬಣ್ಣದ ಪಟ್ಟಿಯನ್ನೂ ಒಟ್ಟಿಗಿಟ್ಟು, ಒಂದೇ ಚಿತ್ರದಲ್ಲಿ, ಹಗಲು ಬೆಳಕಿನಲ್ಲಿ ಹಿಡಿದರೆ ಎರಡರ ಹೋಲಿಕೆಯಾದರೂ ಉಳಿಯುತ್ತದೆ. ಹಾಗೆಯೇ ಪಂಪಿನ ಸದ್ದನ್ನು ಧ್ವನಿಮುದ್ರಿಸಿ ಕಳುಹಿಸಬಹುದು. ಜಲ್ಲಿಕಲ್ಲು ಉರುಳಿದಂಥ ಸದ್ದು ಕೇಳಿಬಂದರೆ ಸಕ್ಷನ್ ಬದಿಯಲ್ಲಿ ಏನೋ ತೊಂದರೆಯಿದೆಯೆಂದು ಅನುಭವಿಗಳು ಶಂಕಿಸುತ್ತಾರೆ.

ಮೂರನೆಯದಾಗಿ, ಉತ್ತರದೊಡನೆ ಕಾರಣವನ್ನೂ ಹೇಳಬೇಕು. 10,000 ಲೀಟರ್ ನೀರಿಗೆ ಲೀಟರಿಗೆ ಒಂದು ಮಿಲಿಗ್ರಾಮಿನಂತೆ ಕ್ಲೋರೀನ್ ಸೇರಿಸಬೇಕಾದರೆ ಬೇಕಾಗುವ ಕ್ಲೋರೀನ್ 10 ಗ್ರಾಂ. ಬ್ಲೀಚಿಂಗ್ ಪೌಡರಿನಲ್ಲಿ ನೂರಕ್ಕೆ 25 ಭಾಗ ಕ್ಲೋರೀನ್ ದೊರೆಯುವುದಾದರೆ 40 ಗ್ರಾಂ ಪುಡಿ ಸಾಕು. ಆದರೆ ಚೀಲ ಬಿಚ್ಚಿ ತಿಂಗಳುಗಟ್ಟಲೆ ಬಿಸಿಗೂ ತೇವಕ್ಕೂ ಒಡ್ಡಿದ ಪುಡಿಯ ಸತ್ತ್ವ ಇಳಿದುಹೋಗುತ್ತದೆ. ಅದು ನೂರಕ್ಕೆ 10ಕ್ಕೆ ಇಳಿದಿದ್ದರೆ ಅದೇ 40 ಗ್ರಾಮಿನಿಂದ ನೀರಿಗೆ ಸೇರುವುದು 4 ಗ್ರಾಂ ಕ್ಲೋರೀನ್ ಮಾತ್ರ. “ನಲವತ್ತು ಗ್ರಾಂ ಹಾಕು” ಎಂಬ ಅಪ್ಪಣೆಯನ್ನಷ್ಟೇ ಪಡೆದವನು ಮುಂದಿನ ತಿಂಗಳು ಹಳೆಯ ಪುಡಿಯನ್ನೂ ಅಷ್ಟೇ ಹಾಕುವನು. ಕಾರಣ ತಿಳಿದವನು ಪುಡಿಯನ್ನು ಮುಚ್ಚಿಡುವನು, ನೀರನ್ನು ಪರೀಕ್ಷಿಸುವನು, ಇನ್ನೊಬ್ಬನಿಗೂ ಕಲಿಸುವನು.

ನಾಲ್ಕನೆಯದಾಗಿ, ದೂರದಲ್ಲಿರುವವನು ಹೇಳಬಾರದ ಮಾತುಗಳೂ ಇವೆ. ಸಂಪಿನೊಳಕ್ಕೆ ಇಳಿ, ಮಲಿನ ನೀರಿನ ಗುಂಡಿಯನ್ನು ನೋಡಿ ಬಾ, ವಿದ್ಯುತ್ ಪ್ಯಾನೆಲನ್ನು ಬಿಚ್ಚಿ ತಂತಿ ಬದಲಾಯಿಸು ಎಂದು ಕುರ್ಚಿಯಲ್ಲಿ ಕುಳಿತು ಹೇಳುವ ಅಧಿಕಾರ ಯಾವ ತಜ್ಞನಿಗೂ ಇಲ್ಲ. ಮುಚ್ಚಿದ ಗುಂಡಿಗಳಲ್ಲಿ ಆಮ್ಲಜನಕ ಕಡಿಮೆಯಾಗಿಯೋ ವಿಷವಾಯು ತುಂಬಿಯೋ ಪ್ರಾಣ ಬಿಟ್ಟವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಇಂಥ ಸಂದರ್ಭದಲ್ಲಿ ಸರಿಯಾದ ಸಲಹೆ ಒಂದೇ: “ನಿಲ್ಲಿಸಿ, ತಕ್ಕ ಸಲಕರಣೆಯುಳ್ಳವರನ್ನು ಕರೆಸಿ.”

ಇಲ್ಲಿ ಕೆಲವು ಆಕ್ಷೇಪಣೆಗಳು ಏಳಬಹುದು. ಪ್ರಶ್ನೆಗೆ ಕ್ಷಣಾರ್ಧದಲ್ಲಿ ಉತ್ತರ ಹೇಳುವ ಕೃತಕ ಬುದ್ಧಿಯ ಯಂತ್ರಗಳು ಬಂದಿರುವಾಗ ಮನುಷ್ಯ ತಜ್ಞರೇಕೆ ಬೇಕೆಂದು ನನ್ನ ವಿದ್ಯಾರ್ಥಿಗಳೇ ಕೇಳುತ್ತಾರೆ. ಅಂಥ ಯಂತ್ರದಿಂದ ಭಾಷಾಂತರಕ್ಕೂ ಲೆಕ್ಕಕ್ಕೂ ಖಂಡಿತವಾಗಿ ಸಹಾಯ ಪಡೆಯಬಹುದು. ಆದರೆ ಸಾಮಾನ್ಯವಾಗಿ ಪಂಪುಗಳು ಏಕೆ ಕೆಡುತ್ತವೆಂಬುದನ್ನು ಅದು ಹೇಳಬಲ್ಲುದೇ ಹೊರತು, ನಮ್ಮ ಸಂಪಿನ ಮೂರನೆಯ ಮೆಟ್ಟಲಿನ ಸಂಗತಿಯನ್ನು ಯಾರಾದರೂ ನೋಡಿ ತಿಳಿಸುವವರೆಗೆ ಅದಕ್ಕೂ ತಿಳಿಯದು. ನಾನು ಕೊಟ್ಟ ತಪ್ಪು ಉತ್ತರವನ್ನೇ ಅದೂ ಕೊಡುತ್ತಿದ್ದಿತು. ಇನ್ನೊಂದು ಆಕ್ಷೇಪಣೆ ಹೆಚ್ಚು ಬಲವಾದದ್ದು: ಸಾಕಷ್ಟು ಸಂಬಳವೂ ವಾರದ ರಜೆಯೂ ಇಲ್ಲದವನಿಗೆ ಪಾಠ ಹೇಳಿ ಪ್ರಯೋಜನವೇನು? ಇದನ್ನು ನಾನು ಒಪ್ಪುತ್ತೇನೆ. ತಿಳಿವಳಿಕೆ ಕೂಲಿಗೆ ಬದಲಿಯಲ್ಲ. ಹೆಚ್ಚು ಕಲಿತ ನೀರುಗಂಟಿಗೆ ಹೆಚ್ಚು ಸಂಬಳ ಸಲ್ಲಬೇಕೆಂಬುದನ್ನು ನೆರವಿಗೆ ಬಂದ ತಜ್ಞರೇ ನಿವಾಸಿಗಳ ಸಭೆಯಲ್ಲಿ ಎದ್ದು ನಿಂತು ಹೇಳಲಿ. ಅವರ ಮಾತಿಗೆ ಅಲ್ಲಿ ಬೆಲೆಯುಂಟು.

ಜಯನಗರದ 5ನೆಯ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಸಂಗ್ರಹದ ಉದ್ಯಾನವಿದೆ. ಮಳೆನೀರನ್ನು ಹಿಡಿದಿಡುವ ಬಗೆಬಗೆಯ ಮಾದರಿಗಳನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಅಂಥ ಸ್ಥಳದಲ್ಲಿ ತಿಂಗಳಿಗೊಂದು ಭಾನುವಾರ ಸುತ್ತಲಿನ ನೀರುಗಂಟಿಗಳೂ ನಿವೃತ್ತ ಎಂಜಿನಿಯರುಗಳೂ ಕಾಲೇಜಿನ ಅಧ್ಯಾಪಕರೂ ಒಂದುಗೂಡಿದರೆ ಮುಖಪರಿಚಯವಾಗುತ್ತದೆ. ಉಳಿದ ದಿನಗಳ ಮಾತುಕತೆಗೆ ದೂರವಾಣಿಯಿದೆ. ಒಂದೊಂದು ಕಾಲೇಜು ಹತ್ತು ಪಂಪುಮನೆಗಳ ಗೆಳೆತನವನ್ನು ವಹಿಸಿಕೊಂಡರೆ ಸಾಕು, ಕೆಲಸ ಆರಂಭವಾದಂತೆ. ಇದಕ್ಕೆ ಸರ್ಕಾರದ ಅಪ್ಪಣೆಯಾಗಲಿ ದೊಡ್ಡ ಮೊತ್ತದ ಹಣವಾಗಲಿ ಬೇಕಾಗಿಲ್ಲ.

ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ವಿನಂತಿ. ಪಠ್ಯಪುಸ್ತಕದಲ್ಲಿ ವಾಯುಭಾರದ ಪಾಠವನ್ನು ಓದಿದ ದಿನ ನಿಮ್ಮ ಕಟ್ಟಡದ ಪಂಪುಮನೆಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿರುವವರ ಹೆಸರನ್ನು ಕೇಳಿ ತಿಳಿದುಕೊಳ್ಳಿ. ಪಂಪು ಯಾವಾಗ ತೊಂದರೆ ಕೊಡುತ್ತದೆ, ಅದನ್ನು ಅವರು ಹೇಗೆ ಗುರುತಿಸುತ್ತಾರೆ ಎಂದು ವಿಚಾರಿಸಿ. ಅವರು ಹೇಳಿದ್ದನ್ನು ಬರೆದುಕೊಂಡು ಬಂದು, ಕಾರಣವೇನಿರಬಹುದೆಂದು ನಿಮ್ಮ ಅಧ್ಯಾಪಕರೊಡನೆ ಚರ್ಚಿಸಿ, ಉತ್ತರವನ್ನು ಮರಳಿ ಅವರಿಗೆ ಮುಟ್ಟಿಸಿ. ನಮ್ಮ ಪಂಪುಮನೆಯ ಗೋಡೆಯ ಮೇಲೆ ಆ ನೋಟುಪುಸ್ತಕ ಈಗಲೂ ತೂಗಾಡುತ್ತಿದೆ. ಊರಿಗೆ ಹೋದಾಗ ಈಗ ನಾನು ಮೊದಲು ಆ ಪುಟದ ಚಿತ್ರವನ್ನು ತರಿಸಿಕೊಳ್ಳುತ್ತೇನೆ. ಆಮೇಲೆ ಬಾಯಿ ತೆರೆಯುತ್ತೇನೆ.